ಗೋಡೌನಿನಲ್ಲಿ ಉಳಿದ ಹಾಡುಗಳು

ಈ ಸಲದ ಕಾಫಿ ಒಣಗಿ ಗೋಡೌನು ತುಂಬಿದ ದಿನ ತಮ್ಮನಿಗೆ ಬುತ್ತಿ ಕೊಡಲು ಹೋಗಿದ್ದೆ. ಒಳಗೆ ಕಾಲಿಟ್ಟರೆ ಹೊಸ ಗೋಣಿಚೀಲದ ವಾಸನೆ, ಅದರ ಹಿಂದಿನಿಂದ ಒಣಗಿದ ಹಣ್ಣಿನ ಹುಳಿ ವಾಸನೆ. "ಲೋಕೀ" ಎಂದು ಕೂಗಿದೆ. ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ಕೂಗುವುದು ನನ್ನ ಹುಟ್ಟುಗುಣ. ಕೂಗಿದ್ದು ಚೀಲಗಳ ಸಾಲಿಗೆ ತಾಗಿ ಅಲ್ಲೇ ಬಿದ್ದುಹೋಯಿತು. ತುಂಬಿದ ಗೋಡೌನಿನಲ್ಲಿ ದನಿ ಹಾಗೆಯೇ, ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ. ಮಳೆಗಾಲಕ್ಕೆ ಚೀಲಗಳೆಲ್ಲ ಲಾರಿ ಹತ್ತಿ ಹೋದ ಮೇಲೆ ಅದೇ ಜಾಗದಲ್ಲಿ ಕೆಮ್ಮಿ ನೋಡಿ, ತಗಡಿನ ಮಾಡೂ ನಿಮ್ಮ ಜೊತೆ ಕೆಮ್ಮುತ್ತದೆ. ಈ ವ್ಯತ್ಯಾಸವನ್ನು ನಾನು ಕಲಿತದ್ದು ಒಂದು ಮಳೆಗಾಲದಲ್ಲಿ. ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ನಮ್ಮದು ಮೂಲದಲ್ಲಿ ಅರಕಲಗೂಡು ಕಡೆ. ಅಪ್ಪ ನೆಲ್ಯಹುದಿಕೇರಿ ಬಳಿಯ ಈ ಎಸ್ಟೇಟಿಗೆ ರೈಟರ್ ಆಗಿ ಬಂದವರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಯಾರು ಯಾವ ಕಡೆ ಕೆಲಸಕ್ಕೆ ಎಂದು ಹಂಚುವುದು, ಸಂಜೆ ಬಂದ ಹಣ್ಣು ತೂಗಿಸುವುದು, ಇದು ರೈಟರ ಕೆಲಸ. ಅಪ್ಪನ ನಂತರ ಅದು ತಮ್ಮ ಲೋಕೇಶನಿಗೆ ಬಂತು. ನಾನು ಅವನ ಅಕ್ಕ, ವನಜ. ಕ್ವಾರ್ಟರ್ಸಿನ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಊರಿನ ಹೆಂಗಸರ ಬ್ಲೌಸ್ ಹೊಲಿಯುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಮುಖ ನೋಡುವುದು ಅಪರೂಪ, ಹಾಗಾಗಿ ಮೋಟಾರು ಹಾಕಿಸಲಿಲ್ಲ, ಕಾಲಿನಲ್ಲೇ ತುಳಿಯುತ್ತೇನೆ. ಮದುವೆಯ ಗೊಡವೆಗೆ ನಾವಿಬ್ಬರೂ ಹೋಗಲಿಲ್ಲ. ನನಗೆ ಬಂದ ಗಂಡುಗಳು ನನಗೆ ಹಿಡಿಸಲಿಲ್ಲ, ಅವನಿಗೆ ಗಿಟಾರಿನ ಮುಂದೆ ಯಾವುದೂ ಹಿಡಿಸಲಿಲ್ಲ.

ಅವರದೊಂದು ಬ್ಯಾಂಡ್ ಇತ್ತು. ಹೆಸರು 'ಲೈನ್ ಮನೆ'. ಆಳುಗಳು ಇರುವ ಸಾಲು ಮನೆಗಳಿಗೆ ಎಸ್ಟೇಟಿನಲ್ಲಿ ಹಾಗೆ ಹೇಳುತ್ತಾರಲ್ಲ, ಅದೇ. ಲೋಕಿ ಗಿಟಾರ್ ನುಡಿಸಿ ಹಾಡು ಕಟ್ಟುತ್ತಿದ್ದ. ಹಾಡುವವನು ಓನರ ತಂಗಿಯ ಮಗ ಪೊನ್ನಣ್ಣ. ಡ್ರಮ್ ಬಾರಿಸುವವನು ನದಿ ಬದಿಯ ಶಮೀರ್, ಅವನ ತಂದೆ ದೋಣಿ ನಡೆಸುತ್ತಿದ್ದರು. ಭಾನುವಾರ ಆಳುಗಳಿಗೆ ರಜೆ, ಗೋಡೌನು ಇವರದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟಾಗ ಬರುವ ಸದ್ದಿಗೂ ಇವರ ಹಾಡಿಗೂ ಏನು ವ್ಯತ್ಯಾಸ ಎಂದು ಅಪ್ಪ ಕೇಳುತ್ತಿದ್ದರು. ಪಲ್ಪರಾದರೂ ರಿಪೇರಿಯಾಗುತ್ತದೆ ಎಂದು ನಾನು ಸೇರಿಸುತ್ತಿದ್ದೆ. ಆದರೂ 'ಪೇಟೆಗೆ ಹೋದ ಮೋಡ' ಎಂಬ ಅವರ ಒಂದು ಹಾಡು ಹೇಗೋ ಹರಡಿಕೊಂಡು, ಈಗಲೂ ಯಾವ ಹೋಂಸ್ಟೇಗೆ ಹೋದರೂ ಕೇಳಿಸುತ್ತದೆ. ಬ್ಯಾಂಡ್ ಮುರಿದು ವರ್ಷಗಳಾದವು ಎಂಬುದು ಅದನ್ನು ಹಾಕುವವರಿಗೆ ಗೊತ್ತಿಲ್ಲ.

ಶಮೀರ್ ತಾಳ ಕಲಿತದ್ದು ಎಲ್ಲಿ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಸುಗ್ಗಿಯ ಹಬ್ಬ ಹುತ್ತರಿಯ ದಿನಗಳಲ್ಲಿ ಓನರ ಮನೆಯ ಅಜ್ಜ ಇನ್ನೂ ಮೂವರನ್ನು ಕಟ್ಟಿಕೊಂಡು ದುಡಿ ಬಡಿಯುತ್ತ ಮನೆ ಮನೆಗೆ ಹೋಗಿ ಹಾಡುತ್ತಿದ್ದರು. ನಮ್ಮ ಕ್ವಾರ್ಟರ್ಸನ್ನೂ ಬಿಡುತ್ತಿರಲಿಲ್ಲ. ಅಜ್ಜನಿಗೆ ಉಬ್ಬಸ. ಸಾಲಿನ ಕೊನೆಗೆ ಅವರಿಗೆ ಉಸಿರು ಸಿಕ್ಕದೆ ಹೋದರೆ ಉಳಿದ ಮೂರು ದುಡಿಗಳೂ ಏಟನ್ನು ಸ್ವಲ್ಪ ತಡೆಯುತ್ತಿದ್ದವು. ಅಜ್ಜ ಬಂದು ಸೇರಿಕೊಂಡ ಮೇಲೆ ಒಟ್ಟಿಗೆ ಮುಂದಕ್ಕೆ. ಆಗ ಯಾರೂ ಅಜ್ಜನ ಮುಖ ನೋಡುತ್ತಿರಲಿಲ್ಲ, ಎಲ್ಲರೂ ತಮ್ಮ ತಮ್ಮ ದುಡಿಯನ್ನು ನೋಡುತ್ತಿದ್ದರು. ಅಜ್ಜನಿಗೆ ಅದು ಗೊತ್ತಿತ್ತೋ ಇಲ್ಲವೋ, ಕೊನೆಯ ವರ್ಷದವರೆಗೂ ತಾನೇ ಮುಂದೆ ನಿಂತು ಹಾಡಿದರು. ಶಮೀರ್ ಮತ್ತು ಲೋಕಿ ಚಿಕ್ಕವರಿದ್ದಾಗ ಆ ದುಡಿಗಳ ಬೆನ್ನು ಹಿಡಿದು ಮನೆ ಮನೆ ಸುತ್ತಿದವರು.

ಬ್ಯಾಂಡ್ ಮುರಿದದ್ದು ಹುದಿಕೇರಿಯಲ್ಲಿ, ನಮ್ಮ ನೆಲ್ಯಹುದಿಕೇರಿಯಲ್ಲ, ದಕ್ಷಿಣ ಕೊಡಗಿನದು. ಮಳೆಗಾಲದ ಕೊನೆಗೆ ಬರುವ ಕೈಲ್ ಮುಹೂರ್ತ ಹಬ್ಬದ ಆಟೋಟ, ತೆಂಗಿನಕಾಯಿಗೆ ಗುಂಡು ಹೊಡೆಯುವುದೆಲ್ಲ ಮುಗಿದ ಮೇಲೆ ಇವರ ಹಾಡು. ಮೈದಾನದ ತುಂಬ ಜನ, ನಾನೂ ಇದ್ದೆ. ನಾಲ್ಕು ಸಾಲು ಹಾಡುವಷ್ಟರಲ್ಲಿ ಲೋಕಿ ಗಿಟಾರ್ ನಿಲ್ಲಿಸಿ ಹಿಂದಕ್ಕೆ ತಿರುಗಿದ. ಮೈಕ್ ಅವನ ಬಾಯಿಯ ಹತ್ತಿರವೇ ಇತ್ತು. "ತಾಳ ಹಿಡಿಯಕ್ಕೆ ಬರದೇ ಇದ್ದೋನು ಡ್ರಮ್ ಮುಂದೆ ಯಾಕೋ ಕೂತ್ಕೊತೀಯ? ದೋಣಿ ನೂಕಕ್ಕೆ ಹೋಗು" ಎಂದ. ಜನ ನಕ್ಕರು. ಶಮೀರ್ ಎರಡೂ ಕಡ್ಡಿಗಳನ್ನು ಡ್ರಮ್ಮಿನ ಮೇಲೆ ಜೋಡಿಸಿಟ್ಟು, ಯಾರ ಮುಖವನ್ನೂ ನೋಡದೆ ಇಳಿದು ಹೋದ. ಒಂದು ಮಾತು ತಿರುಗಿ ಆಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಆಡಲಿಲ್ಲ, ಹಾಗಾಗಿ ಮುಗಿಯಲೇ ಇಲ್ಲ. ಮರುವರ್ಷ ನದಿ ಉಕ್ಕಿ ಅವನ ಮನೆಗೆ ನೀರು ನುಗ್ಗಿ ಡ್ರಮ್ಮೂ ಹೋಯಿತು. ಊರಿಗೆ ಊರೇ ನೋಡಿ ಬಂತು, ನನ್ನ ತಮ್ಮ ಹೋಗಲಿಲ್ಲ. ಆಮೇಲೆ ಶಮೀರ್ ದುಬಾರೆಯಲ್ಲಿ ಆನೆ ಶಿಬಿರಕ್ಕೆ ಪ್ರವಾಸಿಗರನ್ನು ದಾಟಿಸುವ ದೋಣಿಯ ಕೆಲಸಕ್ಕೆ ಸೇರಿದನೆಂದು ಕೇಳಿದೆವು.

ನಾನು ಹೇಳಹೊರಟ ಮಳೆಗಾಲ ಅದರ ಮುಂದಿನದು. ಜೂನ್ ತಿಂಗಳು, ಮಳೆ ಹಿಡಿದು ಒಂದು ವಾರವಾಗಿರಬಹುದು. ಬೆಳಿಗ್ಗೆ ಹಾಜರಿ ಕೂಗುವಾಗ ಆಳುಗಳು "ಬಂದೆ ಸಾ" ಎಂದದ್ದು ಲೋಕಿಗೆ ಕೇಳಿಸುತ್ತಿಲ್ಲ, ಎದುರಿಗೆ ನಿಂತವರಿಗೂ ಗೈರು ಬರೆಯುತ್ತಿದ್ದಾನೆ ಎಂದು ಹೆಂಗಸರು ನನ್ನ ಹತ್ತಿರ ಬಂದು ಹೇಳಿದರು. ತಗಡಿನ ಮೇಲಿನ ಮಳೆಯ ಸದ್ದು ಎಂದು ಅವನು ಜಾರಿಕೊಂಡ. ನಾನು ಹಿಂದಿನಿಂದ ಅವನ ಹೆಸರು ಕರೆದು ನೋಡಿದೆ, ಬೈದು ನೋಡಿದೆ. ಬೈದರೂ ತಿರುಗದೇ ಇದ್ದಾಗ ನನಗೆ ಹೆದರಿಕೆಯಾಯಿತು.

ಮೈಸೂರಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಬಲಗಿವಿ ಹೋಗಿದೆ, ಎಡದ್ದು ಹೋಗುತ್ತಿದೆ, ಕಿವಿಗೆ ಮೆಷಿನ್ ಹಾಕಿದರೆ ಸ್ವಲ್ಪ ದಿನ ನಡೆಯುತ್ತದೆ, ಮುಂದಿನ ಮಳೆಗಾಲದ ತನಕ ಉಳಿಯುತ್ತದೆಂದು ಹೇಳಲಾರೆ ಎಂದರು. ಇದು ಇವತ್ತಿನದಲ್ಲ, ಕೆಲವು ವರ್ಷಗಳಿಂದ ನಡೆದುಬಂದದ್ದು. ತೆಳ್ಳಗಿನ ಸದ್ದುಗಳು ಮೊದಲು ಹೋಗುತ್ತವೆ, ಹೋದದ್ದು ಹೋದವನಿಗೆ ಗೊತ್ತಾಗುವುದಿಲ್ಲ ಎಂದೂ ಹೇಳಿದರು.

ವಾಪಸು ಬರುವ ಬಸ್ಸು ಕುಶಾಲನಗರ ದಾಟಿತು. ಅವನು ಎಡಗಿವಿ ನನ್ನ ಕಡೆ ಬರುವ ಹಾಗೆ ತಿರುಗಿ ಕೂತ. "ಅಕ್ಕ, ಅವತ್ತು ಹುದಿಕೇರೀಲಿ ತಪ್ಪಿದ್ದು ಶಮೀರನಾ, ನನ್ನ ಕಿವೀನಾ?"

ನನಗೆ ಸಂಗೀತದ ಗಂಧವಿಲ್ಲ ಎಂದೆ. ಅವನು ಬಿಡಲಿಲ್ಲ. ಕಿವಿ ಹೋಗುವುದು ಒಂದು, ಆದರೆ ಹೋಗುತ್ತಿದ್ದ ಕಿವಿಯನ್ನು ನಂಬಿ ಗೆಳೆಯನ ಮಾನ ತೆಗೆದೆ ಎಂದಾದರೆ ಅದು ಬೇರೆ. ಪೂರ್ತಿ ಕಿವುಡಾಗುವ ಮೊದಲು ಅದು ತನಗೆ ತಿಳಿಯಬೇಕು ಎಂದ. ಆ ದಿನದಿಂದ ಅವನಿಗೆ ಅನ್ನ ಸೇರಲಿಲ್ಲ.

ಹುದಿಕೇರಿಯ ಹಾಡು ಯಾರ ಹತ್ತಿರವೂ ಸರಿಯಾಗಿ ಇರಲಿಲ್ಲ. ಇದ್ದವರ ಫೋನಿನಲ್ಲಿ ಬರೀ ಗಾಳಿ, ಸೀಟಿ. ಉಳಿದದ್ದು ಗೋಡೌನಿನಲ್ಲಿ ಅವರೇ ರೆಕಾರ್ಡ್ ಮಾಡಿಕೊಂಡು ಹೊರಗೆ ಬಿಡದೇ ಇದ್ದ ಹಾಡುಗಳು. ಅವು ಪೊನ್ನಣ್ಣನ ಬಳಿ ಇದ್ದವು. ಅವನು ವಯನಾಡಿನ ಒಂದು ರೆಸಾರ್ಟಿನಲ್ಲಿ ಮ್ಯಾನೇಜರ್. ನಾನು ಕೇಳಿದ್ದೇ ತಡ, ಇದ್ದಬದ್ದದ್ದನ್ನೆಲ್ಲ ಕಳಿಸಿಕೊಟ್ಟ. ಆದರೆ ಕೆಟ್ಟ ಫೋನಿನಿಂದ ಇನ್ನೊಂದಕ್ಕೆ ಹಾಕುವಾಗ ಎಲ್ಲದರ ಮೇಲೂ ಒಂದೇ ತಾರೀಖು ಬಿದ್ದಿತ್ತು. ಯಾವುದು ಮೊದಲಿನದು, ಯಾವುದು ಹುದಿಕೇರಿಗೆ ಸ್ವಲ್ಪ ಮುಂಚಿನದು ಎಂಬುದು ಅವನಿಗೂ ನೆನಪಿರಲಿಲ್ಲ.

ಹೀಗೆ ಆ ಜುಲೈ ಪೂರ್ತಿ ನಾನು ಮೆಷಿನ್ ತುಳಿಯುತ್ತ 'ಲೈನ್ ಮನೆ'ಯ ಯಾರೂ ಕೇಳದ ಹಾಡುಗಳನ್ನು ಕೇಳಿದೆ. ಹೊರಗೆ ಮಳೆ, ಅಂಗಳದಲ್ಲಿ ಪಾಚಿ, ಒಣಗದ ಬಟ್ಟೆಯ ಮುಗ್ಗಲು ವಾಸನೆ. 'ಜಿಗಣೆ' ಎಂಬ ಹಾಡಿನಲ್ಲಿ ಜಿಗಣೆಯೊಂದು ಕಳೆ ತೆಗೆಯುವ ಹೆಂಗಸಿನ ಕಾಲಿಗೆ ಊಟಕ್ಕಾಗಿ ವಂದನೆ ಹೇಳುತ್ತದೆ. 'ಹಾಜರಿ'ಯಲ್ಲಿ ಬರೀ ಹೆಸರುಗಳು, ಅಪ್ಪ ಕೂಗುತ್ತಿದ್ದ ಧಾಟಿಯಲ್ಲೇ, ಎಸ್ಟೇಟು ಬಿಟ್ಟು ಹೋದವರದು ಮತ್ತು ಸತ್ತವರದು. ನಡುವೆ ಅಪ್ಪನ ಹೆಸರು ಬಂದಾಗ ನಾನು ಮೆಷಿನ್ ನಿಲ್ಲಿಸಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. 'ಸೋಲಾರ್ ಬೇಲಿ' ತೋಟಕ್ಕೆ ಆನೆ ನುಗ್ಗದ ಹಾಗೆ ಹಾಕುವ ಕರೆಂಟಿನ ಬೇಲಿಯ ಹೊರಗೆ ನಿಂತ ಆನೆಯ ಹಾಡು:

ಬೇಲಿಯ ಆಚೆ ನಾನು, ಬೇಲಿಯ ಈಚೆ ನೀನು,
ಒಳಗಿನವನು ಯಾರು ಅಂತ ಕರೆಂಟಿಗೇನು ಗೊತ್ತು.

ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದವನ ತಲೆಯಲ್ಲಿ ಇವೆಲ್ಲ ಇದ್ದವೆಂದು ನನಗೆ ಗೊತ್ತೇ ಇರಲಿಲ್ಲ. ಊರು ಕುಣಿದ ಮೋಡದ ಹಾಡು ಇವುಗಳ ಮುಂದೆ ಸಪ್ಪೆ. ಅವನ ಮೇಲೆ ಹೆಮ್ಮೆಯಾಯಿತು. ಆದರೆ ಇದನ್ನು ಕಟ್ಟಿದವನಿಗೆ ಇನ್ನು ಇದು ಕೇಳಿಸುವುದಿಲ್ಲವಲ್ಲ.

ಹಾಡುಗಳಿಗೆ ಹಿಂದು ಮುಂದು ಸಿಕ್ಕಿದ್ದು ಗೋಡೌನಿನಿಂದಲೇ. ಕೆಲವು ಹಾಡುಗಳಲ್ಲಿ ಸದ್ದು ಹುಟ್ಟಿದಲ್ಲೇ ನಿಲ್ಲುತ್ತಿತ್ತು, ಕೆಲವಲ್ಲಿ ತಗಡಿನ ಮಾಡಿಗೆ ಹೋಗಿ ಮೊಳಗಿ ಬರುತ್ತಿತ್ತು. ಇದನ್ನು ಲೋಕಿಗೆ ಹೇಳಿದಾಗ ಅವನು ಹಣೆ ಚಚ್ಚಿಕೊಂಡ. ಮೊಳಗದೇ ಇರುವುದು ಚೀಲ ತುಂಬಿದ್ದಾಗ ಮಾಡಿದ್ದು, ಅಂದರೆ ಪಿಕ್ಕಿಂಗ್ ಮುಗಿದ ಬೇಸಗೆಯದು. ಮೊಳಗುವುದು ಖಾಲಿ ಗೋಡೌನಿನದು, ಅಂದರೆ ಮಳೆಗಾಲದ್ದು, ಹುದಿಕೇರಿಗೆ ಹತ್ತಿರದ್ದು. ಅವನು ಕೇಳಿಸುವಷ್ಟನ್ನು ಎಡಗಿವಿಗೆ ಫೋನ್ ಒತ್ತಿಕೊಂಡು ಕೇಳುತ್ತಿದ್ದ. ಗಿಟಾರಿನ ದಪ್ಪ ತಂತಿ, ದೊಡ್ಡ ಡ್ರಮ್ಮು ಸ್ವಲ್ಪ ಸಿಗುತ್ತಿತ್ತು. ಡ್ರಮ್ಮಿನ ಪಕ್ಕ ತಾಳದ ಲೆಕ್ಕ ಹಿಡಿಯುವ ಎರಡು ಹಿತ್ತಾಳೆ ತಟ್ಟೆಗಳು ಇರುತ್ತವಲ್ಲ, ಅದರ ಸದ್ದು ಮಾತ್ರ ಅವನ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೆ ನನ್ನ ಕಿವಿ ಬೇಕಾಗಿತ್ತು.

ನನ್ನ ಕಿವಿಗಿಂತ ಮೊದಲು ತಿಳಿದದ್ದು ಕಾಲಿಗೆ. ಬೇಸಗೆಯ ಹಾಡುಗಳಿಗೆ ನನ್ನ ಕಾಲು ಮೆಷಿನ್ ಮೇಲೆ ತಾನೇ ಹೆಜ್ಜೆ ಹಾಕುತ್ತಿತ್ತು, ಎಲ್ಲೂ ಎಡವುತ್ತಿರಲಿಲ್ಲ. 'ಸೋಲಾರ್ ಬೇಲಿ' ಖಾಲಿ ಗೋಡೌನಿನ ಹಾಡು. ಅದರಲ್ಲಿ ಆನೆಯ ಸಾಲು ಮುಗಿದು ಮುಂದಿನ ಸಾಲಿಗೆ ಹೋಗುವ ಕಡೆ ನನ್ನ ಕಾಲು ತುಳಿದಾಗಿತ್ತು, ಡ್ರಮ್ಮಿನ ಏಟು ಇನ್ನೂ ಬಂದಿರಲಿಲ್ಲ. ಮದುಮಗಳ ಬ್ಲೌಸಿನ ತೋಳು ಸೊಟ್ಟಗಾಯಿತು. ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ಅಲ್ಲೇ ಎಡವಿದೆ. ಮಳೆಗಾಲದ ಎಲ್ಲ ಹಾಡುಗಳಲ್ಲೂ ಸಾಲಿನ ಕೊನೆಗೆ ಏಟು ತಡವಾಗಿಯೇ ಬೀಳುತ್ತಿತ್ತು.

ಹೇಳಿದಾಗ ಲೋಕಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. "ನಾನು ಹೇಳ್ಲಿಲ್ವಾ ಅಕ್ಕ? ತಪ್ಪಿದ್ದು ಅವನೇ." ಅವತ್ತು ರೊಟ್ಟಿಗೆ ಎಳೆಬಿದಿರಿನ ಕಣಿಲೆ ಪಲ್ಯ ಮಾಡಿದ್ದೆ, ಕೇಳಿ ಹಾಕಿಸಿಕೊಂಡು ತಿಂದ. ಅವನು ಉಂಡದ್ದು ನೋಡಿ ನನಗೂ ಜೀವ ಬಂತು. ನನಗೊಂದು ಅನುಮಾನ ಇರಲಿಲ್ಲ ಎಂದಲ್ಲ. ಏಟು ತಡವಾಗುವ ಕಡೆಯೆಲ್ಲ ಗಿಟಾರೂ ಅದರ ಜೊತೆಗೇ ಬೀಳುತ್ತಿತ್ತು, ಇಬ್ಬರೂ ಕೂಡಿ ತಡ ಮಾಡಿದ ಹಾಗೆ. ಆದರೆ ಉಣ್ಣುತ್ತಿರುವವನ ಮುಂದೆ ಅರ್ಥವಾಗದ ಅನುಮಾನ ತೆಗೆದು ಏನು ಮಾಡಲಿ.

ತಾನೇ ಸರಿ ಎಂದು ಗೊತ್ತಾದ ಮೇಲೆ ಮನುಷ್ಯ ದೊಡ್ಡಮನಸ್ಸಿನವನಾಗುತ್ತಾನೆ. ದುಬಾರೆಗೆ ಹೋಗೋಣ, ಶಮೀರನಿಗೆ ಹಾಡು ಕೇಳಿಸಿ, ತಪ್ಪು ನಿನ್ನದು, ನಾನೂ ಜನರ ಮುಂದೆ ಅನ್ನಬಾರದಿತ್ತು, ಬಿಟ್ಟುಬಿಡೋಣ ಎಂದು ಹೇಳಿಬರೋಣ ಎಂದ. ಆಗಸ್ಟಿನ ಒಂದು ಬೆಳಿಗ್ಗೆ ಹೊರಟೆವು.

ನದಿ ಕೆಂಪಗೆ, ದಡ ತುಂಬಿ ಹೋಗುತ್ತಿತ್ತು. ದೋಣಿ ನಿಂತಿತ್ತು, ಆನೆ ನೋಡಲು ಬರುವವರೂ ಇರಲಿಲ್ಲ. ದಡದ ಮೇಲಿನ ಶೆಡ್ಡಿನಲ್ಲಿ ಶಮೀರ್ ಇನ್ನು ಕೆಲವರ ಜೊತೆ ಕೂತು ರಬ್ಬರ್ ದೋಣಿಗೆ ತೇಪೆ ಹಾಕುತ್ತಿದ್ದ. ನಮ್ಮನ್ನು ಕಂಡು ಎದ್ದು, ಕೈಗೆ ಹತ್ತಿದ ಅಂಟನ್ನು ಪ್ಯಾಂಟಿಗೆ ಒರೆಸಿಕೊಂಡು, ಕೂರಲು ಜಾಗ ಮಾಡಿಕೊಟ್ಟ. ಲೋಕಿ ಫೋನ್ ಹಚ್ಚಿದ. ನದಿಯ ಸದ್ದಿಗೆ ಶಮೀರ್ ಅದನ್ನು ಕಿವಿಗೆ ಹಿಡಿದು ಪೂರ್ತಿ ಹಾಡು ಕೇಳಿದ, ಕರೆಂಟಿನ ಸಾಲು ಬಂದಾಗ ನಕ್ಕ. ಮುಗಿದ ಮೇಲೆ ಲೋಕಿ ತಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಿದ. ಕಿವಿಯ ವಿಷಯ, ಡಾಕ್ಟರ ವಿಷಯ, ಹಾಡುಗಳ ವಿಷಯ, ಕೊನೆಗೆ ಕ್ಷಮೆಯ ವಿಷಯ.

ಶಮೀರ್ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಅಕ್ಕ, ಈ ಹಾಡು ಮಾಡುವಾಗಲೇ ನಂಗೆ ಗೊತ್ತಾಗಿತ್ತು. ತಟ್ಟೆ ಸದ್ದು ಇವನಿಗೆ ಮುಟ್ಟುತ್ತಾ ಇರಲಿಲ್ಲ. ಗಿಟಾರ್ ಹಿಂದೆ ಬೀಳ್ತಿತ್ತು. ಇವನು ಬರುವ ತನಕ ನಾನು ಕಾದು ಹೊಡೀತಿದ್ದೆ" ಎಂದ.

ಹುದಿಕೇರಿಯಲ್ಲಿ ಎಂದು ಕೇಳಿದೆ.

"ಅಲ್ಲಿಯೂ ಅದೇ. ಕಾದು ಕಾದು ಅಭ್ಯಾಸ ಆಗಿತ್ತಲ್ಲ. ಅಲ್ಲಿ ದೊಡ್ಡ ಸ್ಪೀಕರ್, ಇವನ ಕಾಲ ಹತ್ತಿರವೇ ಇಟ್ಟಿದ್ದರು. ಅವತ್ತು ಇವನಿಗೆ ಸರಿಯಾಗಿ ಕೇಳಿತು ಅಕ್ಕ, ಗಿಟಾರ್ ಹೊತ್ತಿಗೇ ಬಂತು. ಕೇಳಿದ್ದು ನಾನು ಕಾಯುವುದು."

ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಉಬ್ಬಸದ ಅಜ್ಜನೂ ತಮ್ಮ ದುಡಿಗಳನ್ನೇ ನೋಡುತ್ತಿದ್ದ ಆ ಮೂವರೂ ನನ್ನ ಕಣ್ಣ ಮುಂದೆ ಬಂದಿದ್ದರು. ಆ ದುಡಿಗಳ ಹಿಂದೆ ಸುತ್ತಿದ ಇಬ್ಬರಲ್ಲಿ ಒಬ್ಬ ಕಾಯುವುದನ್ನು ಕಲಿತ. ಇನ್ನೊಬ್ಬನಿಗೆ ತನಗಾಗಿ ಕಾಯುತ್ತಿದ್ದಾರೆ ಎಂಬುದೇ ಹೊಳೆಯಲಿಲ್ಲ.

ಲೋಕಿ ನಮ್ಮಿಬ್ಬರ ಬಾಯಿಯನ್ನೂ ನೋಡುತ್ತಿದ್ದ. "ಏನಂತೆ? ಏನಂದ ಅವನು?" ಶಮೀರ್ ಬೇಡ ಎಂದು ತಲೆಯಾಡಿಸಿದ. ನಾನು ಏನೋ ಒಂದು ಸುಳ್ಳು ಹೇಳಿ ತಮ್ಮನನ್ನು ಬಸ್ಸು ಹತ್ತಿಸಬಹುದಿತ್ತು. ಆದರೆ ಅವನು ತಿಳಿಯಲೆಂದೇ ಬಂದವನು, ತಿಳಿಯಲು ಉಳಿದಿದ್ದ ಕಿವಿಯೂ ಹೋಗುತ್ತಿತ್ತು. ಅವನ ಎಡಗಿವಿಗೆ ಬಾಯಿ ಇಟ್ಟು ಹೇಳಿದೆ. ನದಿಯ ಮೊರೆತಕ್ಕೆ ಮುಟ್ಟಲಿಲ್ಲ. ಇನ್ನೊಮ್ಮೆ, ಗಂಟಲು ಹರಿಯುವ ಹಾಗೆ ಕೂಗಿದೆ. "ತಡ ಆಗ್ತಿದ್ದಿದ್ದು ನೀನು ಕಣೋ. ಅವನು ನಿನಗೆ ಕಾಯ್ತಿದ್ದ."

ತೇಪೆ ಹಾಕುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಹುದಿಕೇರಿಯ ಅಷ್ಟು ಜನರ ಮುಂದೆ ಶಮೀರ್ ಬಾಯಿ ಬಿಡದೆ ಮುಚ್ಚಿಟ್ಟದ್ದನ್ನು ನಾನು ದುಬಾರೆಯ ದಡಕ್ಕೆಲ್ಲ ಕೇಳುವ ಹಾಗೆ ಕೂಗಿದ್ದೆ.

ಲೋಕಿ ಫೋನನ್ನು ಜೇಬಿಗೆ ಹಾಕಿದ. "ದೋಣಿ ನೂಕಕ್ಕೆ ಹೋಗು ಅಂದಿದ್ದೆ" ಎಂದ, ಯಾರಿಗೆ ಅಂತಲ್ಲದೆ.

"ಬಂದಿದ್ದೀನಲ್ಲ" ಎಂದ ಶಮೀರ್. ಸಿಟ್ಟಿರಲಿಲ್ಲ, ನಗುವಿನಲ್ಲೇ ಹೇಳಿದ. ಅದನ್ನು ಲೋಕಿಗೆ ಮತ್ತೆ ಕೂಗಿ ಹೇಳುವ ಶಕ್ತಿ ನನಗೆ ಇರಲಿಲ್ಲ, ಅವನೂ ಕೇಳಲಿಲ್ಲ. ಆ ಮಾತು ಅವನಿಗೆ ತುಟಿಯ ಮೇಲೆಯೇ ಕಂಡಿರಬೇಕು.

ಹೊರಡುವಾಗ ಲೋಕಿ ಅವನ ಕೈ ಹಿಡಿದು, ಒಂದು ಭಾನುವಾರ ಗೋಡೌನಿಗೆ ಬಾ ಎಂದ. ಈಗ ಖಾಲಿ, ಸದ್ದು ಮೊಳಗುತ್ತದೆ, ಚೀಲ ತುಂಬಲಿ, ಬರುತ್ತೇನೆ ಎಂದ ಶಮೀರ್. ಅಂದಿನಿಂದ ಗೋಡೌನು ಎಷ್ಟೋ ಸಲ ತುಂಬಿದೆ. ಸಂತೆಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾನೆ, ಲೋಕಿ ಹೇಗಿದ್ದಾನೆ ಎಂದು ಕೇಳುತ್ತಾನೆ. ಬಂದಿಲ್ಲ. ನನಗೆ ಅವನ ಮೇಲೆ ಬೇಸರವಿಲ್ಲ. ಒಬ್ಬ ಮನುಷ್ಯ ಎಷ್ಟು ಅಂತ ಕಾಯಬೇಕು.

ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಮುಂದಿನ ಮಳೆ ಬರುವಷ್ಟರಲ್ಲಿ ಎಡಗಿವಿಯೂ ಹೋಯಿತು. ಹಾಜರಿ ಕೂಗುವ ಕೆಲಸ ಬೇರೆಯವರಿಗೆ ಕೊಟ್ಟು ಓನರ್ ಇವನನ್ನು ಗೋಡೌನಿಗೆ ಹಾಕಿದರು. ಚೀಲ ಎಣಿಸುತ್ತಾನೆ, ಹೊಲಿಸುತ್ತಾನೆ, ಇಲಿಗೆ ಬೋನು ಇಡುತ್ತಾನೆ. ಯಾರ ಮೇಲೂ ದನಿ ಏರಿಸುವುದಿಲ್ಲ. ನಾನು ಕೊಟ್ಟ ಬುತ್ತಿಯನ್ನು ಚೀಲಗಳ ನಡುವೆ, ಹಿಂದೆ ಡ್ರಮ್ ಇಡುತ್ತಿದ್ದ ಜಾಗದಲ್ಲಿ ಕೂತು ಉಣ್ಣುತ್ತಾನೆ.

ಭಾನುವಾರ ಮಾತ್ರ ಬೆಳಿಗ್ಗೆಯೇ ಜಗಲಿಗೆ ಬಂದು ನನ್ನ ಮೆಷಿನ್ ಎದುರು ನೆಲದ ಮೇಲೆ ಕೂರುತ್ತಾನೆ. 'ಸೋಲಾರ್ ಬೇಲಿ' ಹಾಕು ಎನ್ನುತ್ತಾನೆ. ಹಾಕುತ್ತೇನೆ. ಅವನು ಫೋನಿನ ಕಡೆ ನೋಡುವುದಿಲ್ಲ, ಮೆಷಿನ್ ತುಳಿಯುವ ನನ್ನ ಕಾಲನ್ನೇ ನೋಡುತ್ತಾನೆ. ಅವನ ಬೆರಳುಗಳು ತೊಡೆಯ ಮೇಲೆ ಗಿಟಾರ್ ಹಿಡಿದ ಹಾಗೆ ಆಡುತ್ತಿರುತ್ತವೆ. ಆನೆಯ ಸಾಲು ಮುಗಿಯುವ ಕಡೆ ಬಂದಾಗ ನನ್ನ ಕಾಲು ಏಟಿಗಾಗಿ ಅರೆಗಳಿಗೆ ನಿಲ್ಲುತ್ತದೆ. ಅವನ ಬೆರಳು ನಿಲ್ಲುವುದಿಲ್ಲ. ಈಗ ಅವನು ತಡ ಮಾಡುವುದಿಲ್ಲ, ಸರಿಯಾದ ಹೊತ್ತಿಗೇ ಬರುತ್ತಾನೆ. ಹಾಡಿನಲ್ಲಿ ಶಮೀರ್ ಇನ್ನೂ ಕಾಯುತ್ತಿರುತ್ತಾನೆ.